ಮಕ್‌ಸ್ವೀನೀಸ್: ಲಗ್ನಪತ್ರಿಕೆ ಜೋಡಿಸುವವನ ಓದು

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಕೂತು ನನಗೆ 19 ವರ್ಷ. ಲಗ್ನಪತ್ರಿಕೆ, ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ದಿನವಿಡೀ ಗಂಭೀರ ಸಾಲುಗಳೇ. ‘ಸಕುಟುಂಬ ಸಪರಿವಾರ ಸಮೇತರಾಗಿ’, ‘ಆಶೀರ್ವಾದವೇ ಉಡುಗೊರೆ’, ‘ದುಃಖತಪ್ತ ಕುಟುಂಬವರ್ಗ’. ಎಷ್ಟು ಸಲ ಹಾಕಿದ್ದೇನೆ ಅಂದರೆ, ಈಗ ಕಣ್ಣಿಗೆ ಬೀಳೋದು ಒತ್ತಕ್ಷರ ಮಾತ್ರ.

ಇಂಥವನಿಗೆ ಮಕ್‌ಸ್ವೀನೀಸ್ ಅನ್ನೋ ಅಮೆರಿಕದ ಆನ್‌ಲೈನ್ ಹಾಸ್ಯ ಪತ್ರಿಕೆಯ ಹುಚ್ಚು ಹಿಡಿಸಿದ್ದು ಒಂದು ಫಾಂಟು. ಕಾಮಿಕ್ ಸಾನ್ಸ್ ಗೊತ್ತಲ್ವಾ? ಚಿಕ್ಕ ಮಕ್ಕಳು ದುಂಡಗೆ ಬರೆದ ಹಾಗಿರುವ ಇಂಗ್ಲಿಷ್ ಅಕ್ಷರ. 1994ರಲ್ಲಿ ಮೈಕ್ರೋಸಾಫ್ಟ್‌ಗಾಗಿ ಮಾಡಿದ್ದು. ಡಿಸೈನ್ ಓದಿ ಬಂದವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ನಮ್ಮ ಗಿರಾಕಿಗಳಿಗೆ ಮಾತ್ರ ಅದೇ ಬೇಕು. ‘ನಗ್ತಾ ಇರೋ ಥರ ಅಕ್ಷರ ಹಾಕಿ ಸಾರ್, ಮಗು ಫಂಕ್ಷನ್ನು’ ಅಂತಾರೆ.

ನಮ್ಮಕ್ಕನ ಮಗ ಒಂದು ದಿನ ‘ಮಾವ, ಇದು ನಿಮಗೇ ಬರೆದಂಗಿದೆ’ ಅಂತ ಒಂದು ಬರಹ ಕಳಿಸಿದ. ಅದರಲ್ಲಿ ಕಾಮಿಕ್ ಸಾನ್ಸೇ ಮಾತಾಡುತ್ತೆ. ಬಾಯಿ ಬಿಟ್ಟರೆ ಬೈಗುಳ. ನನ್ನನ್ನು ಬೈಯೋರು ಬೈಕೊಳ್ಳಿ, ಜನ ಇಷ್ಟಪಡೋದು ನನ್ನನ್ನೇ ಅಂತ ಎದೆ ತಟ್ಟಿ ಜಗಳಕ್ಕೆ ನಿಲ್ಲುತ್ತೆ. ಈ ಪತ್ರಿಕೆಯಲ್ಲಿ 2010ರಲ್ಲಿ ಬಂದದ್ದಂತೆ. ಮೆಟ್ರೋದಲ್ಲಿ ಓದುತ್ತಾ ಚಿಕ್ಕಪೇಟೆಯಲ್ಲಿ ಇಳಿಯೋದು ಮರೆತು ಮೆಜೆಸ್ಟಿಕ್‌ಗೆ ಹೋದೆ.

ಪತ್ರಿಕೆಯ ಪೂರ್ತಿ ಹೆಸರು ಮಕ್‌ಸ್ವೀನೀಸ್ ಇಂಟರ್ನೆಟ್ ಟೆಂಡೆನ್ಸಿ. ಡೇವ್ ಎಗರ್ಸ್ ಅನ್ನೋ ಲೇಖಕರು 1998ರಲ್ಲಿ ಶುರು ಮಾಡಿದ್ದು. ದೊಡ್ಡ ಕಂಪನಿಯದ್ದಲ್ಲ. ಹೆಚ್ಚುಕಮ್ಮಿ ದಿನವೂ ಹೊಸ ಬರಹ ಇರುತ್ತೆ. ಜಾಹೀರಾತಿನ ಕಾಟ ಇಲ್ಲ, ಇಷ್ಟಪಟ್ಟ ಓದುಗರು ಪೇಟ್ರಿಯಾನ್ ಅನ್ನೋ ಚಂದಾ ಜಾಲತಾಣದಲ್ಲಿ ಕಾಸು ಕೊಡುತ್ತಾರೆ. ಪುಟ ನೋಡಿದರೆ ಹಳೇ ಪುಸ್ತಕದ ಹಾಗೆ, ಬಿಳಿ ಹಾಳೆ, ಗ್ಯಾರಮಂಡ್ ಜಾತಿಯ ಅಕ್ಷರ, ಚಿತ್ರ ಕಡಿಮೆ. ಪಕ್ಕದಲ್ಲಿ ಸಾಕಷ್ಟು ಜಾಗ ಬಿಟ್ಟಿದ್ದಾರೆ. (ನಮ್ಮಲ್ಲಿ ಅಷ್ಟು ಜಾಗ ಬಿಟ್ಟರೆ ಗಿರಾಕಿ ಇನ್ನೂ ನಾಲ್ಕು ಚಿಕ್ಕಪ್ಪಂದಿರ ಹೆಸರು ತಂದು ತುರುಕುತ್ತಾನೆ.)

ಇವರ ವಿದ್ಯೆ ಇಷ್ಟೇ. ಒಂದು ಗಂಭೀರ ಕಾಗದ ತಗೋತಾರೆ. ನೋಟಿಸು, ಅರ್ಜಿ, ರಾಜೀನಾಮೆ ಪತ್ರ, ಬರೀ ಪಟ್ಟಿ. ಅದರ ಧಾಟಿ ಒಂಚೂರೂ ಕೆಡಿಸದೆ ಒಳಗೆ ತರಲೆ ತುಂಬುತ್ತಾರೆ. ಉತ್ತರ ಕೊಡೋ ಸಾಧ್ಯತೆಯೇ ಇಲ್ಲದವರಿಗೆ ಬಹಿರಂಗ ಪತ್ರ ಬರೆಯೋಕೆ ಅಂತಲೇ ಒಂದು ವಿಭಾಗ ಇದೆ. ಇದನ್ನು ಹೇಳಿದಾಗ ನಮ್ಮಮ್ಮ ‘ಹಂಗಾದ್ರೆ ನಮ್ಮ ಬೀದಿ ಗುಂಡಿಗೆ ಬರಿ’ ಅಂದರು.

ಎಲ್ಲಾ ರುಚಿಸುತ್ತೆ ಅಂತಲ್ಲ. ಅವರ ರಾಜಕೀಯ, ಅವರ ಟಿವಿ, ಅವರ ಕಾಲೇಜು ಗೊತ್ತಿಲ್ಲದಿದ್ದರೆ ಅರ್ಧ ಬರಹ ತಲೆ ಮೇಲೆ ಹೋಗುತ್ತೆ. ಕೆಲವಂತೂ ತಲೆಬರಹದಲ್ಲೇ ಮುಗಿದುಹೋಗುತ್ತವೆ, ಕೆಳಗಿನದ್ದು ಸುಮ್ನೆ ಎಳೆದದ್ದು. 2009ರದ್ದು ಒಂದಿದೆ, ಅಲಂಕಾರಕ್ಕೆ ಕುಂಬಳ, ಸೋರೆ ಇಡುವ ಕಾಲ ಬಂತು ಅಂತ ಒಬ್ಬ ಕುಣಿದಾಡೋದು. ಅಲ್ಲಿ ತುಂಬಾ ಹೆಸರಾಗಿದೆ. ಅಮ್ಮನಿಗೆ ಕನ್ನಡದಲ್ಲಿ ಹೇಳೋಕೆ ಹೋದೆ. ಬೈಗುಳ ತೆಗೆದರೆ ಏನೂ ಉಳಿಯಲಿಲ್ಲ. ‘ತಿನ್ನಲ್ವಾ? ಮೇಜಿನ ಮೇಲೆ ಇಡ್ತಾರಾ?’ ಅಷ್ಟೇ ಅಮ್ಮ ಕೇಳಿದ್ದು. ನಮ್ಮೂರಲ್ಲಿ ಕುಂಬಳದ ಕಾಲ ಅಂದರೆ ಆಯುಧಪೂಜೆ ಮಾರನೇ ದಿನ, ಒಡೆದ ಬೂದುಗುಂಬಳದ ಮೇಲೆ ಸ್ಕೂಟರ್ ಜಾರೋದು!

ಇದೆಲ್ಲ ನಮಗೇನು ಹೊಸದಲ್ಲ ಅನ್ನೋರಿಗೂ ನನ್ನ ಒಪ್ಪಿಗೆ ಇದೆ. ಇದೇ ಬೆಂಗಳೂರಲ್ಲಿ 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ, ‘ಕೊರವಂಜಿ’ ಹಾಸ್ಯ ಪತ್ರಿಕೆ ತಂದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. 25 ವರ್ಷ ನಡೆಯಿತು.

ಐದಕ್ಕೆ ನಾಲ್ಕು ಕೊಡ್ತೀನಿ. ಕಳೆದದ್ದು ಒಂದು ನನ್ನ ಇಂಗ್ಲಿಷಿಗೂ ಇರಬಹುದು.

ಹೋದ ವಾರ ಕೆಲಸ ಕಮ್ಮಿ ಇತ್ತು. ‘ಆಶೀರ್ವಾದವೇ ಉಡುಗೊರೆ’ ಅನ್ನೋ ಸಾಲೇ ಮಾತಾಡುವ ಹಾಗೆ ಒಂದು ಲಗ್ನಪತ್ರಿಕೆ ಜೋಡಿಸಿದೆ. ‘ನನ್ನನ್ನು ಹಾಕಿಸಿದವರೇ ನಂಬಲ್ಲ. ಛತ್ರದ ಬಾಗಿಲಲ್ಲಿ ಮುಯ್ಯಿ ಬರೆದುಕೊಳ್ಳೋಕೆ ಒಬ್ಬ ಚಿಕ್ಕಪ್ಪನನ್ನು ಕೂರಿಸಿರುತ್ತಾರೆ’ ಅಂತ ಶುರು. ಪ್ರಿಂಟ್ ತೆಗೆದು ಮೆಷಿನ್ ಹುಡುಗನ ಕೈಗೆ ಕೊಟ್ಟೆ. ಮೇಲಿಂದ ಕೆಳಗೆ ಎರಡು ಸಲ ಓದಿದ.

‘ಅಣ್ಣ, ಪಾರ್ಟಿ ಓಕೆ ಮಾಡಿದ್ರಾ? ಪ್ಲೇಟ್ ಹಾಕ್ಲಾ?’