30 ಯೂರೋಗೆ ಯಾವ ಫ್ರೆಂಚ್ ವೈನ್? ಬೋರ್ಡೋ, ಬರ್ಗಂಡಿ, ರೋನ್. ಜೊತೆಗೆ ಶಾಂಪೇನ್, ಕ್ರೆಮಾಂ

ಫ್ರಾನ್ಸಿನ ಒಳ್ಳೆಯ ಕೆಂಪು ವೈನ್ ಬಾಟಲಿಗಳ ಮೇಲೆ ಹೆಚ್ಚಾಗಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ. ಊರಿನ ಹೆಸರು ಇರುತ್ತದೆ. ಯಾವ ಊರಲ್ಲಿ ಯಾವ ದ್ರಾಕ್ಷಿ ಅನ್ನೋದು ಕೊಳ್ಳುವವರಿಗೇ ಗೊತ್ತಿರಬೇಕು. ಇಲ್ಲದಿದ್ದರೆ ಲೇಬಲ್ಲಿನ ಅಂದ ನೋಡಿ ದುಡ್ಡು ಕೊಡಬೇಕಾಗುತ್ತದೆ.

ನಾನಿರುವುದು ಲಿಯೋನ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ ರೈಲು ಹತ್ತಿದರೆ ಬರ್ಗಂಡಿ. ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಹೋದರೆ ರೋನ್ ಕಣಿವೆಯ ತಾಂ ಲೆರ್ಮಿತಾಜ್ ಊರು. ಬೋರ್ಡೋ, ಶಾಂಪೇನ್ ಎರಡೂ ದೂರ, ಆದರೆ ಅಲ್ಲಿನ ಬಾಟಲಿಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಕೆಲವು ವರ್ಷಗಳಿಂದ ಗೆಳೆಯರ ಜೊತೆ ಕೂತು ಒಂದೇ ಬೆಲೆಯ ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡುತ್ತಿದ್ದೇನೆ. ಬಾಟಲಿಗೆ ಪೇಪರ್ ಸುತ್ತಿಡುತ್ತೇವೆ, ಹೆಸರು ಕಾಣದ ಹಾಗೆ. ಮಿತಿ 30 ಯೂರೋ, ಅಂದರೆ ಹೆಚ್ಚುಕಡಿಮೆ 3000 ರೂಪಾಯಿ.

ಮೊದಲು ಸಿಪ್ಪೆಯ ಬಗ್ಗೆ ಹೇಳಬೇಕು. ವೈನ್‌ಗೆ ಬಳಸುವ ಕಪ್ಪು ದ್ರಾಕ್ಷಿಯನ್ನು ಮೆಲ್ಲಗೆ ಹಿಂಡಿದರೆ ಬರುವ ರಸ ಕೆಂಪಲ್ಲ, ಬಹುತೇಕ ಬಿಳಿ. ಬಣ್ಣ ಇರುವುದೆಲ್ಲ ಸಿಪ್ಪೆಯಲ್ಲಿ. ಎಳೆ ಅಡಿಕೆ ಅಗಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ಲ, ಆ ಥರದ ಒಗರು ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ಅದನ್ನೇ ಟ್ಯಾನಿನ್ ಅನ್ನುತ್ತಾರೆ. ಸಿಪ್ಪೆ ಎಷ್ಟು ದಪ್ಪ, ಅದು ರಸದ ಜೊತೆ ಎಷ್ಟು ದಿನ ನೆನೆಯಿತು ಅನ್ನೋದರ ಮೇಲೆ ವೈನಿನ ಅರ್ಧ ಗುಣ ನಿಂತಿದೆ.

ದಪ್ಪ ಸಿಪ್ಪೆಗೆ ಹೆಸರಾದದ್ದು ಬೋರ್ಡೋದ ಕಾಬರ್ನೇ ಸೊವಿನ್ಯೋಂ. ಅಲ್ಲಿ ಗರೋನ್, ದೋರ್ದೋನ್ ಎಂಬ ಎರಡು ನದಿ ಸೇರಿ ಜಿರೋಂದ್ ಆಗಿ ಸಮುದ್ರದ ಕಡೆ ಹರಿಯುತ್ತವೆ. ಎಡದಂಡೆಯ ಮೆಡಾಕ್‌ನಲ್ಲಿ ಜಲ್ಲಿಕಲ್ಲಿನ ನೆಲ. ನೀರು ನಿಲ್ಲುವುದಿಲ್ಲ, ಹಗಲಿನ ಬಿಸಿ ಉಳಿಯುತ್ತದೆ. ತಡವಾಗಿ ಮಾಗುವ ಕಾಬರ್ನೇಗೆ ಆ ಬಿಸಿ ಬೇಕೇ ಬೇಕು. ಬಲದಂಡೆಯ ಸಾಂತ್ ಎಮಿಲಿಯೋಂ, ಪೊಮೆರೋಲ್ ಕಡೆ ಜೇಡಿಮಣ್ಣು, ಸುಣ್ಣಕಲ್ಲು ಜಾಸ್ತಿ. ಆ ತಂಪು ನೆಲಕ್ಕೆ ಬೇಗ ಮಾಗುವ ಮೆರ್ಲೋ ಸರಿ. ಎರಡೂ ದಂಡೆಯಲ್ಲಿ ಒಂದಕ್ಕೊಂದು ಬೆರೆಸುತ್ತಾರೆ, ಯಾವುದು ಜಾಸ್ತಿ ಅನ್ನೋದಷ್ಟೇ ವ್ಯತ್ಯಾಸ. ಈ ಎರಡು ದ್ರಾಕ್ಷಿಗೂ ಹೆತ್ತ ತಳಿ ಒಂದೇ, ಕಾಬರ್ನೇ ಫ್ರಾಂ. ಡಿಎನ್‌ಎ ಪರೀಕ್ಷೆಯಿಂದ ಇದು ಖಚಿತವಾಗಿದೆ.

ಬೋರ್ಡೋದ ವೈನ್ ತೋಟಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳನ್ನು ನಮ್ಮ ಬೆಲೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಆದರೆ ಮೆಡಾಕ್‌ನದೇ ಒಂದು ಭಾಗವಾದ ಓ ಮೆಡಾಕ್ ಅಂತ ಬರೆದ ಒಳ್ಳೆಯ ಬಾಟಲಿ ಸಿಗುತ್ತದೆ. ನಾವು ಕುಡಿದವುಗಳಲ್ಲಿ ಐದಾರು ವರ್ಷ ಹಳೆಯದಾದರೂ ಒಗರು ವಸಡನ್ನು ಬಿಡಲಿಲ್ಲ. ಎರಡು ಗಂಟೆ ಮೊದಲೇ ಜಗ್‌ಗೆ ಸುರಿದಿಟ್ಟಾಗ ಕಪ್ಪು ಹಣ್ಣಿನ ಘಮ, ಪೆನ್ಸಿಲ್ ಮರದ ವಾಸನೆ ಎದ್ದು ಬಂತು. ಸಾಂತ್ ಎಮಿಲಿಯೋಂ ಹಾಗಲ್ಲ. ಮೊದಲ ಗುಟುಕಿಗೇ ಮೆತ್ತಗೆ. ಕುಡಿದವರೆಲ್ಲ ಶುರುವಿನಲ್ಲಿ ಅದಕ್ಕೇ ಕೈ ಎತ್ತಿದರು. ಎರಡನೇ ಗ್ಲಾಸಿಗೆ ಬರುವಷ್ಟರಲ್ಲಿ ನನಗಂತೂ ಸಾಕಾಯಿತು. ಹೇಳಲು ಅದರಲ್ಲಿ ಹೊಸದೇನೂ ಉಳಿದಿರಲಿಲ್ಲ. ಬೋರ್ಡೋದಲ್ಲಿ ನನ್ನ ಆಯ್ಕೆ ಎಡದಂಡೆಯೇ. ಆದರೆ ಹತ್ತು ವರ್ಷ ಕಾಯುವ ತಾಳ್ಮೆ, ಇಡಲು ತಂಪಾದ ಜಾಗ ಎರಡೂ ಬೇಕು.

ಬರ್ಗಂಡಿಯ ಕೆಂಪು ವೈನ್ ಅಂದರೆ ಪಿನೋ ನ್ವಾರ್. 1395ರಲ್ಲಿ ಅಲ್ಲಿನ ಡ್ಯೂಕ್ ಫಿಲಿಪ್, ಗಾಮೇ ಎಂಬ ಇನ್ನೊಂದು ದ್ರಾಕ್ಷಿಯನ್ನು ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಪಿನೋ ಅಷ್ಟು ಹಿಂದಿನಿಂದ ಅಲ್ಲಿ ದರ್ಬಾರು ನಡೆಸಿದೆ. ಸಿಪ್ಪೆ ತೆಳು, ಬಣ್ಣ ತಿಳಿ, ಬೆಳೆಯುವುದು ಕಷ್ಟ. ಬೇಗ ಚಿಗುರುವುದರಿಂದ ವಸಂತದ ಇಬ್ಬನಿ ಹೆಪ್ಪುಗಟ್ಟಿದರೆ ಚಿಗುರು ಸುಟ್ಟುಹೋಗುತ್ತದೆ. 2021ರ ಏಪ್ರಿಲ್‌ನಲ್ಲಿ ಹಾಗೇ ಆಗಿ ಇಳುವರಿ ನೆಲಕಚ್ಚಿತ್ತು. ಜೊತೆಗೆ ಜಮೀನು ಚೂರುಚೂರು. ಪಿತ್ರಾರ್ಜಿತ ಆಸ್ತಿ ಮಕ್ಕಳಿಗೆಲ್ಲ ಸಮನಾಗಿ ಹಂಚಬೇಕೆಂಬ ಕಾನೂನು, ಮಾರಾಟ ಎರಡರಿಂದಲೂ ಕ್ಲೋ ದ ವುಜೋ ಎಂಬ ಸುಮಾರು 50 ಹೆಕ್ಟೇರಿನ ಒಂದೇ ತೋಟಕ್ಕೆ ಈಗ 80ರ ಆಸುಪಾಸು ಒಡೆಯರು. ಅಲ್ಲಿ ತೋಟದ ಹೆಸರಿಗಿಂತ ಮಾಡಿದವರ ಹೆಸರು ಮುಖ್ಯ.

ನಮ್ಮ ಬೆಲೆಗೆ ಮಾರ್ಸನೇ, ಮೆರ್ಕ್ಯೂರೇ, ಸಾವಿನ್ಯಿ ಎಂಬ ಊರುಗಳ ಕಡೆಯವು ಸಿಗುತ್ತವೆ. ಚೆನ್ನಾಗಿರುವ ಒಂದು ಮಾರ್ಸನೇ ನನ್ನನ್ನು ಬಹಳ ಹೊತ್ತು ಕೂರಿಸಿಬಿಟ್ಟಿತು. ಕೆಂಪು ಚೆರ್ರಿ, ಆಮೇಲೆ ಒದ್ದೆ ಎಲೆಯ ವಾಸನೆ, ಪ್ರತಿ ಸಲ ಮೂಗಿಟ್ಟಾಗಲೂ ಬೇರೆ. ಬೋರ್ಡೋ, ಬರ್ಗಂಡಿ, ರೋನ್ ಮೂರರಲ್ಲಿ ವಾಸನೆಗಾಗಿಯೇ ಕುಡಿಯುವಂಥದ್ದು ಪಿನೋ. ಆದರೆ ಅದೇ ಬೆಲೆಯ ಇನ್ನೊಂದು ಬಾಟಲಿ ತೆಳ್ಳಗೆ, ಬರೀ ಹುಳಿ. ಪಿನೋದಲ್ಲಿ 30 ಯೂರೋಗೆ ಭರವಸೆ ಸಿಗುವುದಿಲ್ಲ, ಇದು ನನ್ನ ದೊಡ್ಡ ತಕರಾರು.

ಈಗ ರೋನ್‌ನ ಸಿರಾ ದ್ರಾಕ್ಷಿ. ಬೇರೆ ದೇಶಗಳಲ್ಲಿ ಶಿರಾಜ್ ಅಂತ ಮಾರುವುದು ಇದನ್ನೇ. ನಂದಿ ಬೆಟ್ಟದ ಬುಡದಲ್ಲೂ ಇದು ಬೆಳೆಯುತ್ತದೆ. ಅಲ್ಲಿನ ವೈನ್ ತಯಾರಕರಾದ ಗ್ರೋವರ್‌ನವರ ಕಾಬರ್ನೇ-ಶಿರಾಜ್ ಬಲ್ಲವರಿಗೆ ಶಿರಾಜ್ ಹೊಸದಲ್ಲ. ಅದರ ತವರು ಮಾತ್ರ ಉತ್ತರ ರೋನ್. ತಾಂ ಊರಿನ ಬೆನ್ನಿಗೆ ಎರ್ಮಿತಾಜ್ ಗುಡ್ಡ, ಸುಮಾರು 130 ಹೆಕ್ಟೇರ್ ಅಷ್ಟೇ. ಆ ವೈನ್ ನಮ್ಮ ಲೆಕ್ಕಕ್ಕೆ ಮೀರಿದ್ದು. ಸೇತುವೆ ದಾಟಿ ಎದುರು ದಂಡೆಗೆ ಹೋದರೆ ಸಾಂ ಜೋಸೆಫ್ ಶುರು. ಅದೇ ದ್ರಾಕ್ಷಿ, ಗ್ರಾನೈಟ್ ಕಲ್ಲಿನ ಕಡಿದಾದ ಇಳಿಜಾರು, ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಮೆಟ್ಟಿಲು ತೋಟ. ಟ್ರ್ಯಾಕ್ಟರ್ ಹತ್ತದ ಕಡೆ ಎಲ್ಲಾ ಕೈಕೆಲಸ. ಬೆಲೆ 25 ಯೂರೋ ಆಸುಪಾಸು.

ಗ್ಲಾಸಿಗೆ ಸುರಿದರೆ ಬಣ್ಣ ನೇರಳೆ ಕಪ್ಪು. ಮೂಗಿಟ್ಟ ಕೂಡಲೇ ಕರಿಮೆಣಸು. ಇದು ಕಲ್ಪನೆಯಲ್ಲ. ಮೆಣಸಿನ ಕಾಳಿನಲ್ಲಿರುವ ರೊಟಂಡೋನ್ ಎಂಬ ಅಂಶವೇ ಸಿರಾದ ಸಿಪ್ಪೆಯಲ್ಲೂ ಇದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ತಂಪು ಜಾಗದಲ್ಲಿ, ತಂಪು ವರ್ಷದಲ್ಲಿ ಅದು ಜಾಸ್ತಿ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ಗೊತ್ತೇ ಆಗುವುದಿಲ್ಲ. ನಮ್ಮ ಗುಂಪಿನ ಒಬ್ಬ ಗೆಳತಿ ಹಾಗೆ. ನಾವೆಲ್ಲ ಮೆಣಸು ಮೆಣಸು ಅಂತಿದ್ದರೆ ಅವಳಿಗೆ ಬರೀ ಹಣ್ಣು, ಸ್ವಲ್ಪ ಆಲಿವ್. ಅವಳು ಬೋರ್ಡೋ ಕಡೆಗೇ ನಿಲ್ಲುತ್ತಾಳೆ, ಅದು ನ್ಯಾಯವೇ.

ನನ್ನ ತೀರ್ಪು ಗಟ್ಟಿಯಾದದ್ದು ಊಟದ ಜೊತೆ. ಕೊಡಗಿನ ಪಂದಿ ಕರಿ ಮಾಡಿ, ಊರಿಂದ ತಂದ ಕಾಚಂಪುಳಿ ಹಾಕಿ, ಬೋರ್ಡೋದ ಎರಡು, ಉಳಿದೆರಡು ಪ್ರಾಂತ್ಯದ ಒಂದೊಂದು, ಹೀಗೆ ನಾಲ್ಕು ಬಾಟಲಿಯನ್ನು ಸಾಲಾಗಿ ಇಟ್ಟೆವು. ಖಾರ ಬಾಯಲ್ಲಿರುವಾಗ ಮೆಡಾಕ್‌ನ ಒಗರು ಇಮ್ಮಡಿಯಾಯಿತು. ಮೆರ್ಲೋಗೆ ಹುಳಿ ಕಡಿಮೆ, ಕಾಚಂಪುಳಿಯ ಮುಂದೆ ಸಪ್ಪೆ ಅನ್ನಿಸಿತು. ಪಿನೋದ ವಾಸನೆ ಮಸಾಲೆಯಲ್ಲಿ ಮುಳುಗಿಹೋಯಿತು. ಸಾಂ ಜೋಸೆಫ್ ಮಾತ್ರ ನಿಂತಿತು. ಅದರ ಹುಳಿ ಕಾಚಂಪುಳಿಗೆ ಸಮ, ಅದರ ಮೆಣಸು ಹುರಿದ ಮೆಣಸಿನ ಜೊತೆ ಸೇರಿಕೊಂಡಿತು. ನಮ್ಮ ಅಡುಗೆಗೆ, ಈ ಬೆಲೆಗೆ, ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದು ಮಾತು: ಬೆಂಗಳೂರಿನ ಮನೆಯ 28 ಡಿಗ್ರಿಯಲ್ಲಿ ಯಾವ ಕೆಂಪು ವೈನನ್ನೂ ಹಾಗೇ ಕುಡಿಯಬೇಡಿ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಇನ್ನು ನೊರೆಯ ವೈನ್. ಪಿನೋ ನ್ವಾರ್ ಇಲ್ಲೂ ಬರುತ್ತದೆ, ಆದರೆ ಬಿಳಿಯಾಗಿ. ಬರ್ಗಂಡಿಯಲ್ಲಿ ಸಿಪ್ಪೆಯೊಂದಿಗೆ ವಾರಗಟ್ಟಲೆ ನೆನೆಯುವ ದ್ರಾಕ್ಷಿಯನ್ನು ಶಾಂಪೇನ್ ಪ್ರಾಂತ್ಯದಲ್ಲಿ ತಂದ ಕೂಡಲೇ ಹಿಂಡುತ್ತಾರೆ. 4000 ಕಿಲೋ ದ್ರಾಕ್ಷಿಯಿಂದ 2550 ಲೀಟರ್ ರಸ ಮಾತ್ರ ತೆಗೆಯಬೇಕು ಅಂತ ನಿಯಮವಿದೆ. ಜಾಸ್ತಿ ಹಿಂಡಿದರೆ ಬಣ್ಣ, ಒಗರು ಇಳಿಯುತ್ತವೆ. ಪಿನೋ, ಮ್ಯೂನಿಯೇ ಎರಡೂ ಕಪ್ಪು, ಶಾರ್ಡನೇ ಬಿಳಿ. ಹೆಚ್ಚಿನ ಶಾಂಪೇನ್ ಈ ಮೂರರದ್ದೇ. ಆಮೇಲೆ ಬಾಟಲಿಯೊಳಗೇ ಎರಡನೇ ಸಲ ಹುದುಗಲು ಬಿಡುತ್ತಾರೆ, ಗುಳ್ಳೆ ಬರುವುದು ಅಲ್ಲಿಂದ. ಬರ್ಗಂಡಿ, ಲ್ವಾರ್, ಅಲ್ಸಾಸ್‌ನ ಕ್ರೆಮಾಂ ಎಂಬ ನೊರೆಯ ವೈನ್ ಮಾಡುವುದೂ ಹೀಗೆಯೇ, ದ್ರಾಕ್ಷಿ ಕೈಯಿಂದಲೇ ಕೊಯ್ಯಬೇಕೆಂಬ ನಿಯಮ ಅದಕ್ಕೂ ಇದೆ. ಬೆಲೆ ಮಾತ್ರ 12 ಯೂರೋ. ಹಾಗಿದ್ದರೆ ಶಾಂಪೇನ್‌ಗೆ ಅದರ ಎರಡು ಮೂರು ಪಟ್ಟು ಯಾಕೆ ಕೊಡಬೇಕು, ಅಲ್ವಾ?

ದ್ರಾಕ್ಷಿಯ ಬೆಲೆ, ಹೆಸರಿನ ಬೆಲೆ ಇರಲಿ, ನನಗೆ ನಾಲಿಗೆಯಲ್ಲಿ ಸಿಕ್ಕ ಉತ್ತರ ಕಾಲ. ಕ್ರೆಮಾಂ ಬಾಟಲಿಯ ತಳದ ಯೀಸ್ಟ್ ಜೊತೆ ಕನಿಷ್ಠ 9 ತಿಂಗಳು ಇರಬೇಕು. ಶಾಂಪೇನ್ 12 ತಿಂಗಳು, ಒಟ್ಟು 15 ತಿಂಗಳು ಮುಗಿಯದೆ ಮಾರುವಂತಿಲ್ಲ. ಒಳ್ಳೆಯ ಬೆಳೆಗಾರರು ಇನ್ನೂ ಜಾಸ್ತಿ ಇಡುತ್ತಾರೆ. ಬ್ರೆಡ್ ಸುಟ್ಟ ಘಮ ಬರುವುದು ಈ ಕಾಯುವಿಕೆಯಿಂದ. ಎರಡನ್ನೂ ಪಕ್ಕಪಕ್ಕ ಸುರಿದಾಗ ಮೊದಲ ಗುಟುಕಿಗೆ ಕ್ರೆಮಾಂ ಸೋಲಲಿಲ್ಲ. ಹಸಿರು ಸೇಬು, ಚುರುಕು ಹುಳಿ, ಖುಷಿಯಾಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಅದರ ಗುಳ್ಳೆ ಹೆಚ್ಚುಕಡಿಮೆ ಸತ್ತಿತ್ತು. ಶಾಂಪೇನ್ ಬೆಚ್ಚಗಾದಷ್ಟೂ ಬಿಚ್ಚಿಕೊಳ್ಳುತ್ತಿತ್ತು.

ಹತ್ತು ಜನರ ಪಾರ್ಟಿಗೆ ಸುಮ್ನೆ ಕ್ರೆಮಾಂ ತೆಗೆದುಕೊಳ್ಳಿ. ಇಬ್ಬರೇ ಇದ್ದರೆ ಶಾಂಪೇನ್, ಅದೂ ಲೇಬಲ್ಲಿನ ಮೂಲೆಯಲ್ಲಿ ಆರ್‌ಎಂ ಅಂತ ಪುಟ್ಟ ಅಕ್ಷರ ಇರುವುದು. ತಮ್ಮದೇ ದ್ರಾಕ್ಷಿಯಿಂದ ತಾವೇ ಮಾಡುವ ಬೆಳೆಗಾರರ ಗುರುತು ಅದು. ಬರೀ ಶಾರ್ಡನೇಯ ಬ್ಲಾಂ ದ ಬ್ಲಾಂ ಹುಳಿ ಚೂಪು, ಮದ್ದೂರು ವಡೆಯ ಎಣ್ಣೆಯನ್ನು ಕತ್ತರಿಸಿ ಹಾಕುತ್ತದೆ. ಕಪ್ಪು ದ್ರಾಕ್ಷಿಯಿಂದ ಮಾಡಿದ ಬ್ಲಾಂ ದ ನ್ವಾರ್ ಬಾಯಿ ತುಂಬುವಂಥದ್ದು, ಊಟದ ಕೊನೆಯವರೆಗೂ ಜೊತೆ ಬರುತ್ತದೆ. ನನಗೆ ಎರಡನೆಯದೇ ಇಷ್ಟ.

ಭಾರತಕ್ಕೆ ಬರುವಾಗ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ ಮಾಮೂಲಿ ಅಳತೆಯ ಎರಡು ಬಾಟಲಿ. ನನ್ನ ಚೀಲದಲ್ಲಿ ಒಂದು ಸಾಂ ಜೋಸೆಫ್, ಒಂದು ಬ್ಲಾಂ ದ ನ್ವಾರ್ ಇರುತ್ತದೆ. ಪಿನೋ ಕೆಂಪನ್ನು ಇಲ್ಲೇ ಕುಡಿಯುತ್ತೇನೆ. ಮಾಡಿದವರ ತೋಟಕ್ಕೆ ಹೋಗಿ ರುಚಿ ನೋಡಿಯೇ ಕೊಳ್ಳಬಹುದಲ್ಲ.