ಭೋಸರಿಯ ಡೀಸೆಲ್ ಪಂಪ್ ಕಾಕಾರ ಅಂಗಡಿ, ಮತ್ತ 60 ಸಾವಿರದ ಎಸ್ಟಿಮೇಟು

ಮೊದಲ ಹೇಳಿಬಿಡ್ತೀನಿ, ಡೀಸೆಲ್ ಗಾಡಿ ರಿಪೇರಿ ಮಾಡೋ ಈ ಅಂಗಡಿಗೆ ನೆಟ್ಟಗ ಒಂದು ಬೋರ್ಡ್ ಇಲ್ರಿ. ಇದ್ದ ಬೋರ್ಡಿನ ಅಕ್ಷರ ಬಿಸಿಲಿಗೆ ಅಳಿಸಿಹೋಗ್ಯಾವ. ಪುಣೆ ಹತ್ರದ ಭೋಸರಿ ಎಂಐಡಿಸಿ (ಕಾರ್ಖಾನಿ ಏರಿಯಾ) ಒಳಗ ಎರಡು ಗಲ್ಲಿ ದಾಟಿ ಹೋಗಿ "ಪಂಪ್‌ವಾಲೆ ಕಾಕಾ" ಅಂತ ಯಾರನ್ನ ಕೇಳಿದ್ರೂ ಕೈ ಮಾಡಿ ತೋರಸ್ತಾರ. ಕಾಕಾ ಜತ್ತ ಕಡೆಯವ್ರು, ಗಿರಾಕಿ ಜೋಡಿ ಮರಾಠಿ, ನಾವು ಹೋದ್ರ ಕನ್ನಡ.

ನಂದು 2017ರ ಬಿಎಸ್-4 ಪಿಕಪ್ಪು, ಕಾಮನ್ ರೈಲ್ ಡೀಸೆಲ್, ಅಂದ್ರ ರೈಲ್ ಅನ್ನೋ ಒಂದ ಪೈಪಿನಾಗ ಭಾರೀ ಪ್ರೆಶರಿನಾಗ ನಿಂತ ಡೀಸೆಲ್ ನಾಕೂ ಇಂಜೆಕ್ಟರಿಗೆ (ಇಂಜಿನ್ ಒಳಗ ಡೀಸೆಲ್ ಪಿಚಕಾರಿ ಹೊಡಿಯೋವು) ಹೋಗ್ತೈತಿ. ಚಾಕಣದಿಂದ ಬೆಳಗಾವಿಗೆ ಪಾರ್ಟ್ಸ್ ಒಯ್ತೀನಿ, ವಾಪಸ್ ಬರ್ತಾ ಕಾಯಿಪಲ್ಲೆ ತುಂಬ್ಕೊಂಡು ಮಾರ್ಕೆಟ್ ಯಾರ್ಡಿಗೆ ಇಳಸ್ತೀನಿ. ಒಂದು ತಿಂಗಳಿಂದ ಮುಂಜಾನಿ ಸ್ಟಾರ್ಟ್ ಆಗಾಕ ಭಾಳ ಕಾಡ್ತಿತ್ತು, ಸೆಲ್ಫ್ ಹೊಡದು ಹೊಡದು ಬ್ಯಾಟರಿ ಕುಂದ್ರೋ ಹೊತ್ತಿಗೆ ಒಮ್ಮೆ ಕೆಮ್ಮಿ ಸುರು ಆಗೋದು. ಒಮ್ಮೆ ಸುರು ಆತಂದ್ರ ಸಪಾಟ ರೋಡಿನಾಗ ಏನೂ ತಕರಾರಿಲ್ಲ. ಆದ್ರ ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಏರಾಕತ್ತಿದ್ರ ಅರ್ಧಕ್ಕ ಬಂದು ಉಸಿರ ಬಿಡೋದು, ಚೆಕ್ ಇಂಜಿನ್ ಲೈಟ್ ಹತ್ತೋದು, ಆಕ್ಸಿಲೇಟರ್ ಎಷ್ಟ ಒತ್ತಿದ್ರೂ ಪಿಕಪ್ ತಗೋವಲ್ದು, ಹಿಂದ ಟ್ರಕ್‌ನವ್ರು ಹಾರ್ನ್ ಹೊಡದು ಹೊಡದು ನಮ್ಮ ಮನಿಮಂದಿನೆಲ್ಲ ನೆನಸೋರು. ಬಾಜೂಕ ಹಚ್ಚಿ ಬಂದ್ ಮಾಡಿ ಮತ್ತ ಸ್ಟಾರ್ಟ್ ಮಾಡಿದ್ರ ಸ್ವಲ್ಪ ದೂರ ಸರಿ.

ಮೊದಲ ಒಂದು ದೊಡ್ಡ ಗ್ಯಾರೇಜಿಗೆ ಒಯ್ದಿದ್ದೆ, ಹೆಸರು ಬ್ಯಾಡ. ಸ್ಕ್ಯಾನರ್ ಹಚ್ಚಿದ್ರು, ಪಿ 0087 ಕೋಡ್ ಬಂತು, ಹತ್ತು ನಿಮಿಷದಾಗ ನಾಕೂ ಇಂಜೆಕ್ಟರ್ ಹೋಗ್ಯಾವ, 60,000 ಆಗ್ತೈತಿ ಅಂದ್ರು. ಚಹಾನೂ ಕುಡಿಸಿದ್ರು ಖರೆ, ಆ ಚಹಾ ಒಳಗ ಇಳೀಲಿಲ್ಲ.

ಕಾಕಾಗ ಅದ ಚೀಟಿ ತೋರಿಸಿದ್ರ ಅವ್ರು ಕನ್ನಡಕ ಏರಿಸಿ ಓದಿ, "ತಮ್ಮಾ, ಈ ಕೋಡ್ ಏನ್ ಹೇಳ್ತೈತಿ? ರೈಲಿನಾಗ ಪ್ರೆಶರ್ ಕಡಿಮಿ ಐತಿ ಅಂತ. ಯಾಕ ಕಡಿಮಿ ಅಂತ ಹೇಳ್ತೈತೇನು?" ಅಂದ್ರು. ನನಗ ಅಲ್ಲೇ ಅರ್ಧ ಸಮಾಧಾನ ಆತು.

ಆಮ್ಯಾಲೆ ಪಾನಾ ಹಿಡಿಯೋಕ್ಕಿಂತ ಮೊದಲ ಫಿಲ್ಟರ್ ಮ್ಯಾಲಿನ ಹ್ಯಾಂಡ್ ಪಂಪ್ ಹಿಚುಕಿ ನೋಡಿದ್ರು. ಮೆತ್ತಗ, ಹಣ್ಣಾದ ಟೊಮ್ಯಾಟೊ ಹಂಗ. ಡೀಸೆಲ್ ತುಂಬಿದ್ರ ಅದು ಗಟ್ಟಿ ಆಗಿರಬೇಕಂತ. ನಾನು ಮುಂಜಾನಿ ತಡದು ಸ್ಟಾರ್ಟ್ ಆಗ್ತೈತಿ ಅಂದಿದ್ನಲ್ಲ, ಅದಕ್ಕ ಕಾರಣ ಇದ, ರಾತ್ರಿ ಎಲ್ಲೋ ಹವಾ ಒಳಗ ಹೊಕ್ಕು ಲೈನಿನಾಗಿನ ಡೀಸೆಲ್ ಎಲ್ಲ ವಾಪಸ್ ಟ್ಯಾಂಕಿಗೆ ಇಳೀತೈತಿ. ಟ್ಯಾಂಕಿನ ಮುಚ್ಚಳ ತಗದು ಕಿವಿಗೊಟ್ಟು ನೋಡಿದ್ರು, ಉಸ್ ಅನ್ನಲಿಲ್ಲ, ಅಂದ್ರ ಮುಚ್ಚಳದ ಹವಾ ತೂತು ಕಟ್ಟಿಲ್ಲ. ಫಿಲ್ಟರಿಂದ ಹೈ ಪ್ರೆಶರ್ ಪಂಪಿಗೆ (ರೈಲಿಗೆ ಡೀಸೆಲ್ ಒತ್ತೋ ಪಂಪು) ಹೋಗೋ ಪೈಪ್ ತಗದು ಅಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಸ್ಟಾರ್ಟ್ ಮಾಡಿದ್ರು. ಸೋಡಾ ಬಾಟ್ಲಿ ಒಡದಂಗ ಗುಳ್ಳಿ! ರೇಸ್ ಮಾಡಿದಷ್ಟೂ ಜಾಸ್ತಿ. ಗಾಡಿ ಕೆಳಗ ನೋಡಿದ್ರ ಒಂದು ಹನಿ ಡೀಸೆಲ್ ಬಿದ್ದಿಲ್ಲ, ಅದ ನನಗ ತಿಳೀಲಿಲ್ಲ ಕೇಳಿದೆ. ಆ ಹೈ ಪ್ರೆಶರ್ ಪಂಪಿನಕಿಂತ ಹಿಂದಿನ ಲೈನ್ ಎಲ್ಲ ಎಳಕೊಳ್ಳೋ ಲೈನು, ಅಲ್ಲಿ ಸಂದು ಬಿತ್ತಂದ್ರ ಡೀಸೆಲ್ ಹೊರಗ ಬರಂಗಿಲ್ಲ, ಹವಾ ಒಳಗ ಹೋಗ್ತೈತಿ, ಹವಾ ಬೆರತ್ರ ರೈಲಿನಾಗ ಪ್ರೆಶರ್ ಏರಂಗಿಲ್ಲ ಅಂದ್ರು.

ಈ ಹೊತ್ತಿಗೆ ಅಂಗಡಿ ಹುಡುಗ ಒಬ್ಬಾವ ಚಾಲೂ ಇಂಜಿನ್ ಮ್ಯಾಲ ಇಂಜೆಕ್ಟರ್ ಪೈಪಿನ ನಟ್ ಸಡಲ ಮಾಡಾಕ ಹೊಂಟಿದ್ದ, ಕಾಕಾ ಅವನ ಮ್ಯಾಲ ಹೆಂಗ ಒದರಿದ್ರಂದ್ರ ಬಾಜೂದ ವೆಲ್ಡಿಂಗ್‌ನಾವನೂ ಹೊರಗ ಬಂದ. ಟಾಯರಿನಾಗ ನಾಕು ಬಾರ್ (ಪ್ರೆಶರಿನ ಅಳತಿ) ಹವಾ ಇರ್ತೈತಿ, ಈ ರೈಲಿನಾಗ ಲೋಡ್ ಬಂದಾಗ ಸಾವಿರದ ಮ್ಯಾಲ, ಆ ಪಿಚಕಾರಿ ಚರ್ಮ ತೂರಿ ಒಳಗ ಹೋಗ್ತೈತಿ. ಹಳೇ ಡೀಸೆಲ್ ಗಾಡಿಯಾಗ ಮಾಡಿದಂಗ ಇದರಾಗ ಮಾಡಬ್ಯಾಡ್ರಿ.

ಮುಂದ ಐದು ಲೀಟರ್ ಕ್ಯಾನಿನಾಗ ಶುದ್ಧ ಡೀಸೆಲ್ ತುಂಬಿ ಬಾನೆಟ್ಟಿಗೆ ತೂಗಹಾಕಿ ಸೀದಾ ಫಿಲ್ಟರಿಗೆ ಕೊಟ್ರು. ಗುಳ್ಳಿ ಹಂಗ ಬರಾಕತ್ತಿದ್ವು. ಅಂದ್ರ ಈ ಗುಳ್ಳಿ ಟ್ಯಾಂಕಿನ ಕಡೆಯಿಂದ ಬರಾಕತ್ತಿಲ್ಲ, ತಪ್ಪು ಫಿಲ್ಟರಿನಾಗ. ಬಿಚ್ಚಿದ್ರ ಫಿಲ್ಟರ್ ಕುಂದ್ರೋ ಹೆಡ್ಡಿಗೆ ಹಳೇ ಓ-ರಿಂಗ್ (ಸಂದು ಮುಚ್ಚೋ ರಬ್ಬರ್ ಬಳಿ) ಅಂಟ್ಕೊಂಡೈತಿ, ಅದರ ಮ್ಯಾಲ ಹೊಸಾದು ಕುಂತೈತಿ, ಒಂದು ಕಡೆ ಸೊಟ್ಟಾಗಿ ಹರದೈತಿ. "ಯಾವ ಮಿಸ್ತ್ರಿ ಹಾಕಿದ್ದು ಇದನ್ನ?" ಅಂದ್ರು ಕಾಕಾ. ನಾ ಸುಮ್ನಿದ್ದೆ. ಯಾಕಂದ್ರ ನಿಪ್ಪಾಣಿ ಹತ್ರ ಢಾಬಾದ ಮುಂದ ಮೊಬೈಲ್ ಲೈಟ್ ಹಿಡ್ಕೊಂಡು ಆ ಫಿಲ್ಟರ್ ಬದಲಿ ಮಾಡಿದ ಮಿಸ್ತ್ರಿ ನಾನ.

ಇಂಜೆಕ್ಟರ್ ಮಾತು ಬಂದಿತ್ತಲ್ಲ ಅಂತ ಅದನ್ನೂ ನೋಡಿದ್ರು, ನಾಕೂ ಇಂಜೆಕ್ಟರಿನ ರಿಟರ್ನ್ ಲೈನಿಗೆ (ಹೆಚ್ಚಾದ ಡೀಸೆಲ್ ವಾಪಸ್ ಹೋಗೋ ಪೈಪು) ಸಲೈನ್ ಪೈಪ್ ಹಚ್ಚಿ ನಾಕು ಬಾಟ್ಲಿಗೆ ಬಿಟ್ರು. ಮೂರನೇದರಾಗ ಉಳದವುಕ್ಕಿಂತ ಎರಡು ಬೆರಳು ಜಾಸ್ತಿ. ಅದೊಂದು ಸವದೈತಿ, ಆದ್ರ ಈಗ ಬದಲಿ ಮಾಡೋ ಗರ್ಜ್ ಇಲ್ಲ, ಮಾಡಿಸಿದಾಗ ಹೊಸಾದರ ಮ್ಯಾಲಿನ ಕೋಡ್ ಇಸಿಯುಗೆ (ಇಂಜಿನ್ ನಡಸೋ ಕಂಪ್ಯೂಟರ್) ಹಾಕಿಸ್ಕೋ, ಇಲ್ಲಂದ್ರ ಇಂಜಿನ್ ಬಡೀತೈತಿ ಅಂದ್ರು. ಮಾರಾಕ ಮನಸಿದ್ರ ಅಲ್ಲೇ ಮಾರಬಹುದಿತ್ತು.

ಹೊಸ ಫಿಲ್ಟರು, ರಿಂಗು, ಎರಡು ಕ್ಲಿಪ್ಪು, ಮಜೂರಿ ಎಲ್ಲ ಸೇರಿ 1,850.

ತಕರಾರು ಇಲ್ಲಂತಲ್ಲ. ಊಟದ ಹೊತ್ತಿಗೆ ಶಟರ್ ಎಳದು ಮಲಗ್ತಾರ, ನನ್ನ ಇಂಜಿನ್ ಬಿಚ್ಚಿಟ್ಟು ಒಂದೂವರೆ ತಾಸು ಮಲಗಿದ್ರು. ಜಿಎಸ್‌ಟಿ ಬಿಲ್ ಕೇಳಿದ್ರ ನಗ್ತಾರ. ಇಂಜೆಕ್ಟರ್ ಟೆಸ್ಟ್ ಬೆಂಚ್ ಅವ್ರ ಹತ್ರ ಇಲ್ಲ, ಹೊರಗ ಕಳಸ್ತಾರ, ಎರಡು ದಿನ ಗಾಡಿ ನಿಂತಂಗ. ಗಲ್ಲಿನೂ ಸಣ್ಣದು, ಉದ್ದ ಬಾಡಿ ಗಾಡಿ ಇದ್ರ ರಿವರ್ಸ್ ಹೊಡ್ಯಾಕ ಜೀವ ಹೋಗ್ತೈತಿ.

ಮಾಡಿಸಿ ಮೂರು ವಾರ ಆತು. ಫುಲ್ ಲೋಡಿನಾಗ ಖಂಬಾಟ್ಕಿ ನಾಕು ಸಲ ಏರೀನಿ, ಲೈಟ್ ಹತ್ತಿಲ್ಲ, ಮುಂಜಾನಿ ಒಂದ ಸೆಲ್ಫಿಗೆ ಸ್ಟಾರ್ಟ್. ಹೋಗೋರು ಗುರುವಾರ ಬಿಟ್ಟು ಹೋಗ್ರಿ, ಅವತ್ತು ಬಂದ್. ಮತ್ತ ಟ್ಯಾಂಕ್ ಫುಲ್ ಮಾಡ್ಕೊಂಡು ಹೋಗಬ್ಯಾಡ್ರಿ, ಟ್ಯಾಂಕ್ ಇಳಸೋ ಪ್ರಸಂಗ ಬಂದ್ರ ಡೀಸೆಲ್ ಹಿಡ್ಯಾಕ ಕಾಕಾರ ಹತ್ರ ಇರೋದು ಆ ಐದು ಲೀಟರಿನ ಕ್ಯಾನ್ ಒಂದ.