ಡಿಸ್ಕ್ ಮೇಲೆ ಕಾಗದದ ಸ್ಟಿಕ್ಕರ್ ಇದೆಯಾ? ಪ್ಲೇಯರ್‌ಗೆ ಹಾಕುವ ಮುಂಚೆ ಇದನ್ನು ಓದಿ

ಮಗಳ ಶಾಲಾ ನಾಟಕದ ಡಿವಿಡಿ ನಮ್ಮ ಮನೆಯಲ್ಲಿ ಹಾಳಾಗಿದೆ. ವಿಡಿಯೋ ಮಾಡಿದವರು ಅದರ ಮೇಲೆ ಚಂದದ ಕಾಗದದ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದರು. ಮೊದಮೊದಲು ಚೆನ್ನಾಗಿಯೇ ಓಡಿತು. ಬರಬರುತ್ತಾ ನಾಟಕದ ಕೊನೆಯ ಭಾಗ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಮಗಳು ಬರುವುದೇ ಆ ಕೊನೆಯ ದೃಶ್ಯದಲ್ಲಿ.

ರಿಪೇರಿಯವರು ಡಿಸ್ಕನ್ನು ನೋಡಲೇ ಇಲ್ಲ. ಪ್ಲೇಯರ್‌ನ ಲೆನ್ಸ್ ಹೋಗಿದೆ ಎಂದು ಹೊಸದು ಹಾಕಿ ದುಡ್ಡು ತೆಗೆದುಕೊಂಡರು. ಮನೆಗೆ ತಂದು ಹಾಕಿದರೆ ಮತ್ತೆ ಅದೇ ಜಾಗದಲ್ಲಿ ನಿಂತಿತು. ಬೇರೆ ಡಿಸ್ಕ್‌ಗಳೆಲ್ಲ ಕೊನೆತನಕ ಓಡಿದವು. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದಿತ್ತು ಅಲ್ವಾ? ನನಗೆ ಈಗಲೂ ಸಿಟ್ಟು ಬರುತ್ತದೆ.

ಡಿವಿಡಿಯ ದಪ್ಪ ಬರೀ 1.2 ಮಿ.ಮೀ. 0.6 ಮಿ.ಮೀ.ನ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿ ಮಾಡಿರುತ್ತಾರೆ, ಚಿತ್ರ ಇರುವುದು ಅವೆರಡರ ನಡುವೆ. ಪ್ಲೇಯರ್ ಒಳಗಿನ ಬಿಸಿಗೆ ಕಾಗದ ಮತ್ತು ಅಂಟು ಕುಗ್ಗಿ ಡಿಸ್ಕನ್ನು ಎಳೆಯುತ್ತವೆ. ಬಿಲ್ಲೆ ಸೊಟ್ಟಗಾದರೆ ಲೇಸರ್ ಕಿರಣ ಸರಿಯಾಗಿ ವಾಪಸ್ ಬರುವುದಿಲ್ಲ. ಸೊಟ್ಟ ಜಾಸ್ತಿ ಕಾಣುವುದು ಹೊರ ಅಂಚಿನಲ್ಲಿ. ಡಿಸ್ಕ್ ಓದುವುದು ಒಳಗಿನಿಂದ ಹೊರಕ್ಕೆ, ಅದಕ್ಕೇ ಮೊದಲು ಕೈಕೊಡುವುದು ಕೊನೆಯ ಭಾಗ. ಸ್ಟಿಕ್ಕರ್ ಓರೆಯಾಗಿದ್ದರೆ ತೂಕ ಒಂದೇ ಕಡೆ ಬಿದ್ದು ಡಿಸ್ಕ್ ಅದುರುತ್ತದೆ. ಅಂಚು ಬಿಟ್ಟುಕೊಂಡರೆ ಪ್ಲೇಯರ್ ಒಳಗೇ ಸಿಕ್ಕಿಹಾಕಿಕೊಳ್ಳಬಹುದು.

ಹಾಗಂತ ಸ್ಟಿಕ್ಕರ್ ಕೀಳಲು ಹೋಗಬೇಡಿ. ಸಿಡಿಯಲ್ಲಂತೂ ಹೊಳೆಯುವ ಪದರ ಲೇಬಲ್‌ನ ಕೆಳಗೇ ಇರುತ್ತದೆ. ಕಿತ್ತರೆ ಅದೂ ಜೊತೆಗೆ ಎದ್ದು ಬರಬಹುದು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತಲೂ ಕೆಲವರು ಹೇಳುತ್ತಾರೆ. ಸೊಟ್ಟಗಾದ ಡಿಸ್ಕ್‌ಗೆ ಅದರಿಂದ ಏನೂ ಆಗದು, ಸುಮ್ನೆ ಹೊಸ ಗೀರು ಬೀಳುತ್ತದೆ. ಕೊಳೆ ಇದ್ದರೆ ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಬೇಡ.

ರಿಪೇರಿಗೆ ಕೊಡುವ ಮುಂಚೆ ಅದೇ ಡಿಸ್ಕನ್ನು ಇನ್ನೊಂದು ಪ್ಲೇಯರ್‌ನಲ್ಲಿ ಹಾಕಿ ನೋಡಿ. ಅಲ್ಲೂ ಅದೇ ಜಾಗದಲ್ಲಿ ನಿಂತರೆ ತೊಂದರೆ ಡಿಸ್ಕ್‌ನದು. ಸಿಡಿ ಓಡಿ ಡಿವಿಡಿ ಮಾತ್ರ ಯಾವುದೂ ಓಡದಿದ್ದರೆ ಪ್ಲೇಯರ್‌ನ ಲೇಸರ್ ಮೇಲೆ ಅನುಮಾನ ಪಡಬಹುದು. ಸಿಡಿಗೂ ಡಿವಿಡಿಗೂ ಬೇರೆ ಬೇರೆ ಲೇಸರ್ ಬೆಳಕು ಬೇಕು, ಒಂದು ಕೆಟ್ಟರೂ ಇನ್ನೊಂದು ಉಳಿದಿರಬಹುದು.

ಕಂಪ್ಯೂಟರ್‌ನಲ್ಲಿ ನಿಧಾನವಾಗಿ ಓದಿಸಿ ನಮ್ಮ ನಾಟಕದ ಬಹುಪಾಲು ಉಳಿಸಿಕೊಂಡೆವು, ಕೊನೆಯ ದೃಶ್ಯ ಸಿಗಲಿಲ್ಲ. ನಿಮ್ಮಲ್ಲಿ ಸ್ಟಿಕ್ಕರ್ ಅಂಟಿಸಿದ ಡಿಸ್ಕ್ ಇದ್ದರೆ, ಇನ್ನೂ ಓಡುತ್ತಿರುವಾಗಲೇ ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ. ಹೊಸದಾಗಿ ವಿಡಿಯೋ ಮಾಡಿಸುವವರು ಸ್ಟಿಕ್ಕರ್ ಬೇಡ, ಡಿಸ್ಕ್ ಮೇಲೆ ಬರೆಯುವ ಮಾರ್ಕರ್‌ನಲ್ಲಿ ಹೆಸರು ಬರೆದರೆ ಸಾಕು ಅಂತ ಮೊದಲೇ ಹೇಳಿಬಿಡಿ.